ಎಫ್-ಹೋಲ್ ಒಳಗಿನ ರಿಪೇರಿ: ಹಾಲೋ ಬಾಡಿ ಗಿಟಾರ್‌ನ ವೈರಿಂಗ್ ಬದಲಿಸುವುದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಒಂದು ಸೆಮಿ ಹಾಲೋ ಬಾಡಿ ಎಲೆಕ್ಟ್ರಿಕ್ ಗಿಟಾರ್ ಇದೆ. ಎರಡು ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಎರಡು ಸುರುಳಿಯ ಭಾಗ), ಎರಡು ವಾಲ್ಯೂಮ್, ಎರಡು ಟೋನ್, ಒಂದು ಮೂರು ಸ್ಥಾನದ ಸ್ವಿಚ್. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಸ್ವಿಚ್ ನಡುವೆ ಇಟ್ಟಾಗ ಒಮ್ಮೊಮ್ಮೆ ಸೌಂಡೇ ಹೋಗಿಬಿಡುತ್ತದೆ. ಒಳಗಿನದ್ದೆಲ್ಲ ತೆಗೆದು ಹೊಸದು ಹಾಕೋಣ ಅಂತಿದ್ದೇನೆ, ಆದರೆ ಹಿಂದೆ ಮುಚ್ಚಳವೇ ಇಲ್ಲ. ಹಿಂಬದಿಯ ಹಲಗೆ ಕೊಯ್ದು ಒಂದು ಮುಚ್ಚಳ ಮಾಡಿಸಿಬಿಡಿ ಎಂದು ಒಬ್ಬರು ಹೇಳಿದರು. ಬೇರೆ ದಾರಿ ಇದೆಯಾ? ಯಾವ ಪಾರ್ಟ್ ತೆಗೆದುಕೊಳ್ಳಲಿ? ಸೋಲ್ಡರಿಂಗ್ ಸ್ವಲ್ಪ ಮಟ್ಟಿಗೆ ಬರುತ್ತದೆ.

ಉತ್ತರ: ಮೊದಲು ಆ ಕೊಯ್ಯುವ ಮಾತು ಬಿಟ್ಟುಬಿಡಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಆಗುತ್ತದೆ ಅದು. ನಿಮ್ಮ ಗಿಟಾರ್ ಫ್ಯಾಕ್ಟರಿಯಲ್ಲಿ ತಯಾರಾದಾಗ ಆ ವೈರಿಂಗ್ ಎಲ್ಲಿಂದ ಒಳಗೆ ಹೋಯಿತೋ ಅಲ್ಲಿಂದಲೇ ಹೊರಗೂ ಬರುತ್ತದೆ, ಅಂದರೆ ಎಫ್-ಹೋಲ್‌ನಿಂದ (ಮೇಲಿನ ಹಲಗೆಯಲ್ಲಿ 'f' ಆಕಾರದಲ್ಲಿ ಕೊರೆದ ಕಿಂಡಿ), ಇಲ್ಲವೇ ಪಿಕಪ್ ಕೂರುವ ಕಿಂಡಿಯಿಂದ. ಹಿಂದಿನ ಹಲಗೆಗೆ ಗರಗಸ ತಾಗಿತು ಅಂದರೆ ಗಟ್ಟಿತನ ಹೋಯಿತು, ಬೆಲೆಯೂ ಹೋಯಿತು, ಮತ್ತೆ ಸರಿಮಾಡುವುದು ದೊಡ್ಡ ಕೆಲಸ. ಒಳಗಿರುವುದೋ ನಾಲ್ಕು ಪಾಟು (ನಾಬ್ ತಿರುಗಿಸಿದಾಗ ವಾಲ್ಯೂಮ್, ಟೋನ್ ಬದಲಿಸುವ ಪೊಟೆನ್ಷಿಯೋಮೀಟರ್), ಒಂದು ಸ್ವಿಚ್ಚು, ಕೇಬಲ್ ಚುಚ್ಚುವ ಒಂದು ಜಾಕು. ಅಷ್ಟಕ್ಕೆ ಈ ಪಾಡು ಬೇಕಾ?

ಇನ್ನೊಂದು ಮಾತು ಈಗಲೇ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸ ಅದರ ಮೇಲೆ ನಿಂತಿದೆ. ಹಾಲೋ ಬಾಡಿಯಲ್ಲಿ ಕಷ್ಟ ಇರುವುದು ಕರೆಂಟಿನ ಕಡೆ ಅಲ್ಲ. ಸರ್ಕ್ಯೂಟ್ ತೀರಾ ಸರಳ. ಕಷ್ಟ ಇರುವುದು ಆ ಕಿರಿದಾದ ಕಿಂಡಿಯಲ್ಲಿ ಹೋಗಿ ಬರುವ ದಾರಿಯಲ್ಲಿ. ಆದ್ದರಿಂದ ಆ ದಾರಿಯಲ್ಲಿ ಹಾರ್ನೆಸ್, ಅಂದರೆ ಪಾಟು, ಸ್ವಿಚ್ಚು, ಜಾಕು ಎಲ್ಲವನ್ನೂ ವೈರಿನಿಂದ ಬೆಸೆದ ಗೊಂಚಲು, ಒಂದೇ ಸಲ ಒಳಗೆ ಹೋಗಬೇಕು. ಬೆಸುಗೆ, ಪರೀಕ್ಷೆ, ತಪ್ಪು ತಿದ್ದುವುದು, ಎಲ್ಲವೂ ಹೊರಗೆ ಮೇಜಿನ ಮೇಲೇ ಮುಗಿದಿರಬೇಕು.

ಈಗ ನಿಜವಾಗಿ ಏನು ಕೆಟ್ಟಿದೆ ನೋಡೋಣ. ಸ್ವಿಚ್ ನಡುವೆ ಇಟ್ಟಾಗ ಸೌಂಡ್ ಹೋಗುತ್ತದೆ ಅಂದಿರಿ. ಆಗ ಎರಡೂ ವಾಲ್ಯೂಮ್ ಎಲ್ಲಿದ್ದವು ನೆನಪಿದೆಯಾ? ಎರಡು ವಾಲ್ಯೂಮ್ ಇರುವ ಗಿಟಾರ್‌ಗಳ ಮಾಮೂಲಿ ವೈರಿಂಗ್‌ನಲ್ಲಿ, ಸ್ವಿಚ್ ನಡುವೆ ಇದ್ದು ಒಂದು ವಾಲ್ಯೂಮ್ ಸೊನ್ನೆಗೆ ಬಂದರೆ ಎರಡೂ ಪಿಕಪ್ ಸುಮ್ಮನಾಗುತ್ತವೆ. ಸೊನ್ನೆಯಲ್ಲಿ ಆ ಪಾಟ್ ತನ್ನ ಔಟ್‌ಪುಟ್ಟನ್ನು ನೇರ ಗ್ರೌಂಡಿಗೆ (ಸಿಗ್ನಲ್ ಹಿಂದಿರುಗುವ ಸೊನ್ನೆ ವೋಲ್ಟಿನ ದಾರಿಗೆ) ಜೋಡಿಸುತ್ತದೆ, ನಡುವಿನ ಸ್ಥಾನದಲ್ಲಿ ಎರಡು ಔಟ್‌ಪುಟ್ಟೂ ಒಂದಕ್ಕೊಂದು ಸೇರಿರುತ್ತವೆ, ಹಾಗಾಗಿ ಇನ್ನೊಂದರ ಸಿಗ್ನಲ್ಲೂ ಅದೇ ದಾರಿಯಲ್ಲಿ ಗ್ರೌಂಡ್ ಸೇರುತ್ತದೆ. ಇದು ರಿಪೇರಿ ಮಾಡಬೇಕಾದ ದೋಷ ಅಲ್ಲ, ಅದರ ಸ್ವಭಾವವೇ ಹಾಗೆ. ಎರಡೂ ವಾಲ್ಯೂಮ್ ಪೂರ್ತಿ ಇಟ್ಟು ಮತ್ತೊಮ್ಮೆ ನೋಡಿ. ಆಗಲೂ ಹೋಗುತ್ತದೆ ಅಂದರೆ ಸ್ವಿಚ್ ಮೇಲೆ ಅನುಮಾನ ಪಡಬಹುದು. ಸ್ವಿಚ್ ಎಲ್ಲಿ ಇಟ್ಟರೂ, ಕೇಬಲ್ ಅಲುಗಿಸಿದಾಗ ಸೌಂಡ್ ಬಂದು ಹೋಗಿ ಮಾಡಿದರೆ ಅದು ಜಾಕು. ಜಾಕ್ ಅಂದರೆ ಬರೀ ಒಂದು ಬಾಗಿದ ಪಟ್ಟಿ, ಅದು ಸಡಿಲವಾಗಿರುತ್ತದೆ, ಇಲ್ಲವೇ ಬೆಸುಗೆ ಬಿಟ್ಟಿರುತ್ತದೆ. ತಿರುಗಿಸಿದಾಗ ಮಾತ್ರ ಕರಕರ ಅಂದರೆ ಪಾಟು. ಅದರಲ್ಲೂ ಅರ್ಧದಷ್ಟು ಸಲ ಒಳಗೆ ಕೂತಿರುವುದು ಧೂಳು ಅಷ್ಟೇ. ನಟ್ ಬಿಚ್ಚಿ, ಪಾಟನ್ನು ಒಳಕ್ಕೆ ಇಳಿಸಿ, ಎಫ್-ಹೋಲ್ ಬಾಯಿಗೆ ತಂದು, ಕಾಲುಗಳ ಹತ್ತಿರದ ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಬಿಟ್ಟು, ಇಪ್ಪತ್ತು ಮೂವತ್ತು ಸಲ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ಸರಿಹೋದರೆ ಪಾಟಿನ ಮಟ್ಟಿಗೆ ಅಲ್ಲಿಗೇ ನಿಲ್ಲಿಸಬಹುದು. ತುಕ್ಕಿಗೆ ಹೊಡೆಯುವ ಮಾಮೂಲಿ ಎಣ್ಣೆ ಸ್ಪ್ರೇ ಮಾತ್ರ ಬೇಡ, ಇನ್ನಷ್ಟು ಧೂಳು ಹಿಡಿದುಕೊಳ್ಳುತ್ತದೆ.

ಗಿಟಾರ್ ತುಂಬಾ ಹಳೆಯದಾಗಿದ್ದು, ಒಳಗಿನ ಬೆಸುಗೆ ಯಾರೂ ಮುಟ್ಟದ ಮೂಲ ಬೆಸುಗೆ ಆಗಿದ್ದರೆ, ಕ್ಲೀನ್ ಮಾಡಿ ಅಷ್ಟಕ್ಕೇ ಬಿಡಿ. ಅಂಥ ಗಿಟಾರ್‌ಗಳಲ್ಲಿ ಮೂಲ ಪಾರ್ಟ್‌ಗಳಿಗೇ ಬೆಲೆ ಜಾಸ್ತಿ.

ಇಷ್ಟು ಮಾಡಿಯೂ ಬದಲಿಸಲೇಬೇಕು ಅಂತಾದರೆ, ನಿಮ್ಮದು ಯಾವ ಜಾತಿಯ ಹಾಲೋ ಬಾಡಿ ಅಂತ ಮೊದಲು ಗೊತ್ತಿರಬೇಕು. ಗಿಬ್ಸನ್ ಇಎಸ್-335 ಬಂದದ್ದು 1958ರಲ್ಲಿ. ಅದರ ನಡುವೆ ಕುತ್ತಿಗೆಯಿಂದ ಬುಡದವರೆಗೆ ಒಂದು ಮರದ ದಿಮ್ಮಿ ಇದೆ, ಎರಡು ಪಕ್ಕ ಮಾತ್ರ ಟೊಳ್ಳು. ಸೆಮಿ ಹಾಲೋ ಅನ್ನುವುದು ಇದಕ್ಕೇ. 1949ರ ಇಎಸ್-175, 1961ರ ಎಪಿಫೋನ್ ಕ್ಯಾಸಿನೋ ಇವೆಲ್ಲ ಪೂರ್ತಿ ಟೊಳ್ಳು, ದಿಮ್ಮಿ ಇಲ್ಲ. ಪೂರ್ತಿ ಟೊಳ್ಳಿನಲ್ಲಿ ಬ್ರಿಡ್ಜ್ ಪಿಕಪ್ (ತಂತಿಗಳು ಕೂರುವ ಬ್ರಿಡ್ಜ್ ಪಕ್ಕದ್ದು) ಎತ್ತಿದರೆ ಕಿಂಡಿಯಿಂದ ನೇರ ಒಳಗೆ ದಾರಿ, ಹಾರ್ನೆಸ್ ಅಲ್ಲಿಂದಲೇ ಆರಾಮಾಗಿ ಹೋಗುತ್ತದೆ. ಸೆಮಿ ಹಾಲೋದಲ್ಲಿ ಪಿಕಪ್ ಕೆಳಗೆ ದಿಮ್ಮಿ ಅಡ್ಡ ಇರುತ್ತದೆ. ಕೆಲವು ಮಾದರಿಗಳಲ್ಲಿ ದಿಮ್ಮಿಯ ಪಕ್ಕ ಕೊರೆದು ದೊಡ್ಡ ಸಂದಿ ಬಿಟ್ಟಿರುತ್ತಾರೆ, ಕೆಲವದರಲ್ಲಿ ಪಿಕಪ್ ವೈರ್ ಹೋಗುವಷ್ಟೇ ತೂತು. ಬ್ರಿಡ್ಜ್ ಪಿಕಪ್ಪಿನ ಫ್ರೇಮಿನ ನಾಲ್ಕು ಸ್ಕ್ರೂ ತೆಗೆದು, ಎತ್ತಿ, ಟಾರ್ಚ್ ಹಾಕಿ ನೋಡಿ. ಐದು ನಿಮಿಷದ ಕೆಲಸ, ಮುಂದೆ ಅರ್ಧ ದಿನ ಉಳಿಸುತ್ತದೆ.

ಇನ್ನು ಪಾರ್ಟ್‌ಗಳು. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ಕೊಳ್ಳುವ ಮೊದಲು ಅಳತೆ ತೆಗೆಯಿರಿ. ಪಾಟುಗಳಲ್ಲಿ ಎರಡು ಲೋಕ ಇದೆ, ಇಂಚಿನದು ಮತ್ತು ಮಿಲಿಮೀಟರಿನದು. ಸಿಟಿಎಸ್ ಕಂಪನಿಯ ಥರದ ಇಂಚಿನ ಪಾಟಿನ ಥ್ರೆಡ್ ಇರುವ ಕತ್ತು ಸುಮಾರು 9.5 ಮಿ.ಮೀ. ದಪ್ಪ. ಮಿಲಿಮೀಟರ್ ಪಾಟಿನ ಕತ್ತು 7 ಅಥವಾ 8 ಮಿ.ಮೀ. ನಿಮ್ಮ ಗಿಟಾರಿನ ತೂತು 8 ಮಿ.ಮೀ. ಇದ್ದು ನೀವು ಇಂಚಿನ ಪಾಟ್ ತಂದರೆ ಅದು ಹೊರಗೆ ಬರುವುದೇ ಇಲ್ಲ. ಆಗ ಡ್ರಿಲ್ ಹಿಡಿಯಬೇಡಿ, ದಯವಿಟ್ಟು. ಇರುವ ತೂತಿಗೆ ಡ್ರಿಲ್ ಬಿಟ್ಟರೆ ಅದು ಕಚ್ಚಿಕೊಂಡು ಪ್ಲೈನ ಪದರ, ಮೇಲಿನ ಪಾಲಿಶ್ ಎರಡನ್ನೂ ಸೀಳುತ್ತದೆ. ಕೈಯಲ್ಲಿ ತಿರುಗಿಸುವ ಮೊನಚಾದ ರೀಮರ್ ಸಿಗುತ್ತದೆ, ಅದರಲ್ಲಿ ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ, ಪ್ರತಿ ಎರಡು ಸುತ್ತಿಗೊಮ್ಮೆ ಪಾಟ್ ಇಟ್ಟು ನೋಡುತ್ತಾ. ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆಯ ಮಿಲಿಮೀಟರ್ ಪಾಟ್ ಸಿಕ್ಕಿದರೆ ತೂತು ಮುಟ್ಟದೆ ಅದನ್ನೇ ಹಾಕಿ.

ಪಾಟಿನ ಡಬ್ಬಿಯೂ ಎರಡು ಗಾತ್ರದಲ್ಲಿ ಬರುತ್ತದೆ, ದೊಡ್ಡದು ಸುಮಾರು 24 ಮಿ.ಮೀ., ಚಿಕ್ಕದು 16 ಮಿ.ಮೀ. ದೊಡ್ಡದು ಎಫ್-ಹೋಲ್‌ನಲ್ಲಿ ಅಡ್ಡಡ್ಡ ಓರೆ ಮಾಡಿದರೆ ಸಾಮಾನ್ಯವಾಗಿ ತೂರುತ್ತದೆ, ಆದರೆ ಎಲ್ಲ ಗಿಟಾರಿನ ಎಫ್-ಹೋಲ್ ಒಂದೇ ಅಗಲ ಇರುವುದಿಲ್ಲ. ಬೆಸುಗೆ ಹಾಕುವ ಮೊದಲು ಒಂದು ಬರೀ ಪಾಟನ್ನು ದಾರ ಕಟ್ಟಿ ಒಳಗೆ ಬಿಟ್ಟು ಹೊರಗೆ ತೆಗೆದು ನೋಡಿ. ಚಿಕ್ಕದು ಅಂದರೆ ಕಳಪೆ ಅಂತ ಅಲ್ಲ. ಅದೇ ರೆಸಿಸ್ಟೆನ್ಸ್ ಇದ್ದರೆ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಳಗೆ ತೂರಿಸುವುದು ಮಾತ್ರ ಎಷ್ಟೋ ಸಲೀಸು. ಪಾಟಿನ ಕತ್ತು ಎಷ್ಟು ಉದ್ದ ಇದೆ ಅಂತಲೂ ನೋಡಿ. ಮರದ ದಪ್ಪ, ವಾಷರ್, ನಟ್, ಮೂರಕ್ಕೂ ಸಾಕಾಗಬೇಕು. ನಾಬ್‌ಗಳ ವಿಷಯ ಎಲ್ಲರೂ ಮರೆಯುತ್ತಾರೆ. ಇಂಚಿನ ಪಾಟಿನ ದಂಡದ ಮೇಲೆ 24 ಸಣ್ಣ ಹಲ್ಲು, ಮಿಲಿಮೀಟರಿನದಕ್ಕೆ 18 ದಪ್ಪ ಹಲ್ಲು. ಒಂದರ ನಾಬ್ ಇನ್ನೊಂದಕ್ಕೆ ಒತ್ತಿ ಕೂರಿಸಲು ಹೋದರೆ ನಾಬ್ ಬಿರಿಯುತ್ತದೆ. ಸ್ವಿಚ್ಚಿನ ತುದಿಯ ಟೋಪಿಗೂ ಇದೇ ಕಥೆ, ಥ್ರೆಡ್ ಹೊಂದುವುದಿಲ್ಲ.

ಹಂಬಕರ್‌ಗೆ 500ಕೆ (ಐದು ಲಕ್ಷ ಓಮ್) ಪಾಟ್ ಹಾಕಿ. 250ಕೆ ಹಾಕಿದರೆ ಕೆಟ್ಟುಹೋಗುವುದಿಲ್ಲ, ಆದರೆ ಮೇಲಿನ ಹೊಳಪು ಒಂದಿಷ್ಟು ಗ್ರೌಂಡಿಗೆ ಸೋರಿ ಸ್ವರ ಮಂಕಾಗುತ್ತದೆ. ಪಾಟಿನ ಮೇಲೆ 500ಕೆ ಅಂತ ಬರೆದಿದ್ದರೂ ಒಳಗೆ ಅಷ್ಟೇ ಇರುತ್ತದೆ ಅಂತ ನಂಬಬೇಡಿ, ಮಾಮೂಲಿ ಪಾಟಿನಲ್ಲಿ ಶೇಕಡಾ 20 ಆಚೀಚೆ ಇರಬಹುದು, ಅಂದರೆ 400 ಇಂದ 600ರವರೆಗೆ. ಮಲ್ಟಿಮೀಟರ್‌ನಲ್ಲಿ ಎರಡು ಹೊರಗಿನ ಕಾಲುಗಳ ನಡುವೆ ಅಳೆದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ನಾಲ್ಕರಲ್ಲಿ ಜಾಸ್ತಿ ಬಂದದ್ದನ್ನು ನೆಕ್ (ಕುತ್ತಿಗೆ ಕಡೆಯ) ಪಿಕಪ್ಪಿನ ವಾಲ್ಯೂಮಿಗೆ ಇಡಿ. ಹಾಲೋ ಬಾಡಿಯಲ್ಲಿ ನೆಕ್ ಪಿಕಪ್ ಮೊದಲೇ ದಪ್ಪ ಸ್ವರ, ಅದಕ್ಕೆ ಸಿಗುವ ಒಂಚೂರು ಹೊಳಪೂ ಬೇಕು. ವಾಲ್ಯೂಮಿಗೆ ಆಡಿಯೋ ಟೇಪರ್ (ಕಿವಿಗೆ ಸಮವಾಗಿ ಏರಿಳಿದಂತೆ ಕೇಳಿಸುವ) ಪಾಟೇ ಇರಲಿ, ಈಗಿನ ಪಾಟುಗಳ ಮೇಲೆ ಸಾಮಾನ್ಯವಾಗಿ 'ಎ500ಕೆ' ಅಂತ ಇರುತ್ತದೆ. 'ಬಿ' ಅಂದರೆ ಲೀನಿಯರ್, ಅದರಲ್ಲಿ 10ರಿಂದ ಕೆಳಗೆ ತಿರುಗಿಸಿದರೂ ಬಹಳ ಹೊತ್ತು ಏನೂ ಆಗದೆ, ಕೊನೆಯಲ್ಲಿ ದಿಢೀರನೆ ಇಳಿದುಬಿಡುತ್ತದೆ. ಟೋನ್ ಪಾಟಿಗೆ ಸೇರಿಸುವ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್ ಸಾಕು. ಅದರ ಮೇಲೆ ಜಾಸ್ತಿ ದುಡ್ಡು ಸುರಿಯಬೇಡಿ, ಅಳತೆ ಮುಖ್ಯ, ಒಳಗಿರುವುದು ಕಾಗದವೋ ಪ್ಲಾಸ್ಟಿಕ್ಕೋ ಅನ್ನುವುದು ಮುಖ್ಯ ಅಲ್ಲ. ಎಷ್ಟು ವೋಲ್ಟ್ ತಡೆಯುತ್ತದೆ ಅನ್ನುವುದೂ ಇಲ್ಲಿ ಲೆಕ್ಕಕ್ಕಿಲ್ಲ, ಪಿಕಪ್‌ನಿಂದ ಬರುವುದು ಅಷ್ಟು ಸಣ್ಣ ವೋಲ್ಟೇಜ್.

ವೈರ್ ಮಾತ್ರ ಒಳ್ಳೆಯದು ತೆಗೆದುಕೊಳ್ಳಿ, ಹೊರಗೆ ತಂತಿಯ ಹೆಣಿಗೆ ಇರುವ ಶೀಲ್ಡ್ ವೈರ್. ಸಾಲಿಡ್ ಬಾಡಿಯಲ್ಲಿ ಗುಂಡಿಯ ಒಳಗೋಡೆಗೆ ತಾಮ್ರದ ಹಾಳೆ ಅಂಟಿಸಿ ಹಮ್ ತಡೆಯಬಹುದು. ಹಾಲೋ ಬಾಡಿಯಲ್ಲಿ ಎಲ್ಲಿಗೆ ಅಂತ ಅಂಟಿಸುತ್ತೀರಿ? ಇಲ್ಲಿ ವೈರಿನ ಹೆಣಿಗೆಯೇ ಶೀಲ್ಡು, ಅದೇ ಗ್ರೌಂಡು. ಪಾಟುಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ತಗಡೂ ಇಲ್ಲಿ ಇಲ್ಲ, ಹಾಗಾಗಿ ನಾಲ್ಕೂ ಪಾಟಿನ ಬೆನ್ನು ವೈರಿನಿಂದಲೇ ಗ್ರೌಂಡ್ ಸೇರಬೇಕು. ಒಂದು ಬಿಟ್ಟುಹೋದರೂ ಆ ನಾಬ್ ಮುಟ್ಟಿದಾಗ ಗುಂಯ್ ಅನ್ನುತ್ತದೆ.

ಈಗ ಹಳೆಯದನ್ನು ಹೊರಗೆ ತೆಗೆಯುವುದು. ನುಡಿಸುವ ತಂತಿಗಳನ್ನು ಬಿಚ್ಚುವ ಮೊದಲು ಬ್ರಿಡ್ಜ್ ಎಲ್ಲಿದೆ ಅಂತ ಸುಲಭವಾಗಿ ಕೀಳುವ ಟೇಪಿನಲ್ಲಿ ಗುರುತು ಮಾಡಿ. ಪೂರ್ತಿ ಟೊಳ್ಳಾದ ಅನೇಕ ಗಿಟಾರ್‌ಗಳಲ್ಲಿ ಬ್ರಿಡ್ಜ್ ಸುಮ್ನೆ ತಂತಿಯ ಒತ್ತಡದಲ್ಲೇ ಕೂತಿರುತ್ತದೆ, ತಂತಿ ಹೋದರೆ ಅದೂ ಜಾರುತ್ತದೆ. ಕೆಲವದರಲ್ಲಿ ಒಳಗೆ ಮೇಲಿನ ಹಲಗೆಗೂ ಕೆಳಗಿನದಕ್ಕೂ ನಡುವೆ ಒಂದು ಮರದ ಕಂಬವೂ ಒತ್ತಡದಲ್ಲೇ ನಿಂತಿರುತ್ತದೆ, ಟಾರ್ಚ್ ಹಾಕಿ ಮೊದಲೇ ನೋಡಿಕೊಳ್ಳಿ. ಎಲ್ಲದರ ಫೋಟೋ ತೆಗೆಯಿರಿ. ನಾಬ್ ಕೀಳಲು ಸ್ಕ್ರೂಡ್ರೈವರ್ ತೂರಿಸಬೇಡಿ, ಪಾಲಿಶ್ ಮೇಲೆ ಗುಳಿ ಬೀಳುತ್ತದೆ. ಒಂದು ತೆಳು ಬಟ್ಟೆಯನ್ನು ನಾಬ್ ಬುಡಕ್ಕೆ ಸುತ್ತಿ, ಎರಡು ತುದಿ ಹಿಡಿದು ನೇರ ಮೇಲಕ್ಕೆ ಎಳೆದರೆ ಬರುತ್ತದೆ. ನಟ್ ಬಿಚ್ಚಲು ಇಕ್ಕಳ ಬೇಡ, ಬಾಕ್ಸ್ ಸ್ಪ್ಯಾನರ್ ಬೇಕು.

ನಟ್ ತೆಗೆದ ಕೂಡಲೇ ಪಾಟನ್ನು ಒಳಕ್ಕೆ ತಳ್ಳಬೇಡಿ! ಲಂಗಕ್ಕೆ ಲಾಡಿ ಬದಲಿಸುವುದನ್ನು ನೋಡಿದ್ದೀರಲ್ಲ, ಹಳೇ ಲಾಡಿಯ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಹಳೆಯದು ಹೊರಗೆ ಬರುವಾಗಲೇ ಹೊಸದಕ್ಕೆ ದಾರಿ ಆಗಿರುತ್ತದೆ. ಇಲ್ಲೂ ಅದೇ. ಪಾಟಿನ ದಂಡಕ್ಕೆ ಗಟ್ಟಿ ನೈಲಾನ್ ದಾರ, ಇಲ್ಲವೇ ಹಲ್ಲಿನ ಸಂದಿ ತೆಗೆಯುವ ಫ್ಲಾಸ್ ಕಟ್ಟಿ, ಗಂಟಿನ ಮೇಲೆ ಒಂದು ಸುತ್ತು ಟೇಪ್ ಹಾಕಿ, ಆಮೇಲೆ ಒಳಕ್ಕೆ ಬಿಡಿ. ದಾರದ ಇನ್ನೊಂದು ತುದಿ ತೂತಿನ ಹೊರಗೆ ಟೇಪಿನಲ್ಲಿ ಅಂಟಿರಲಿ. ಪಾಟು ಎಫ್-ಹೋಲ್‌ನಿಂದ ಹೊರಗೆ ಬರುವಾಗ ದಾರವನ್ನೂ ಜೊತೆಗೆ ತರುತ್ತದೆ. ಪಾಟಿನಿಂದ ದಾರ ಬಿಚ್ಚಿ, ಆ ತುದಿಗೆ ಒಂದು ಚೀಟಿ ಹಚ್ಚಿ ಬರೆಯಿರಿ: ನೆಕ್ ವಾಲ್ಯೂಮ್, ನೆಕ್ ಟೋನ್, ಹೀಗೆ. ಆರು ಪಾರ್ಟ್, ಆರು ದಾರ, ಸಾಧ್ಯವಾದರೆ ಆರು ಬಣ್ಣ. ಜಾಕಿಗೆ ದಾರವನ್ನು ಅದರ ತೂತಿನ ಮೂಲಕವೇ ಪೋಣಿಸಿ ಹಿಂದೆ ದಪ್ಪ ಗಂಟು ಹಾಕಿ. ಸ್ವಿಚ್ಚಿಗೆ ತುದಿಯ ಟೋಪಿ ಬಿಚ್ಚಿ ಅದರ ಕಡ್ಡಿಗೆ ಕಟ್ಟಿ. ದಾರದ ಬದಲು ಅಕ್ವೇರಿಯಂಗೆ ಹಾಕುವ ತೆಳು ಪ್ಲಾಸ್ಟಿಕ್ ಪೈಪ್ ಕೂಡ ತುಂಬಾ ಒಳ್ಳೆಯದು. ಪಾಟಿನ ದಂಡ ಸುಮಾರು 6 ಮಿ.ಮೀ. ದಪ್ಪ, ಪೈಪ್ ಅದಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಎಳೆಯಲಿಕ್ಕೂ ತಳ್ಳಲಿಕ್ಕೂ ಬರುತ್ತದೆ.

ಒಂದೇ ಒಂದು ವೈರ್ ಮಾತ್ರ ಎಳೆಯಬೇಡಿ, ಟೇಲ್‌ಪೀಸ್‌ಗೆ (ತಂತಿಗಳ ಬುಡ ಸಿಕ್ಕಿಸುವ ಲೋಹದ ಭಾಗ) ಹೋಗುವ ಗ್ರೌಂಡ್ ವೈರು. ಅದರ ಆ ಕಡೆಯ ತುದಿ ಟೇಲ್‌ಪೀಸ್ ಬೋಲ್ಟಿನ ಲೋಹದ ಕೊಳವೆಯ ಹಿಂದೆ ಮರದಲ್ಲಿ ಸಿಕ್ಕಿಕೊಂಡಿರುತ್ತದೆ. ಕಿತ್ತು ಬಂದರೆ ಮತ್ತೆ ಕೂರಿಸಲು ಆ ಕೊಳವೆಯನ್ನೇ ಮರದಿಂದ ಎಬ್ಬಿಸಬೇಕು. ಅದನ್ನು ಪಾಟಿನ ಬೆನ್ನಿನಿಂದ ಬೆಸುಗೆ ಕರಗಿಸಿ ಬಿಡಿಸಿಕೊಳ್ಳಿ, ತುದಿಯನ್ನು ಎಫ್-ಹೋಲ್ ಹೊರಗೆ ಟೇಪ್ ಮಾಡಿ ಇಡಿ.

ಮುಂದೆ ಒಂದು ದಪ್ಪ ರಟ್ಟು ತೆಗೆದುಕೊಳ್ಳಿ. ಗಿಟಾರಿನ ಮೇಲೆ ತೆಳು ಕಾಗದ ಹಾಸಿ, ತೂತುಗಳ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಅದನ್ನು ರಟ್ಟಿಗೆ ಅಂಟಿಸಿ ಅಲ್ಲಲ್ಲೇ ತೂತು ಮಾಡಿ. ಇಲ್ಲೊಂದು ಎಚ್ಚರ. ರಟ್ಟಿನಲ್ಲಿ ಪಾಟುಗಳ ಬೆನ್ನು ನಿಮ್ಮ ಕಡೆ ಇರುತ್ತದೆ, ಅಂದರೆ ನೀವು ನೋಡುತ್ತಿರುವುದು ಗಿಟಾರನ್ನು ಒಳಗಿನಿಂದ. ಎಡ ಬಲ ಅದಲು ಬದಲು. ರಟ್ಟಿನ ಎರಡೂ ಬದಿಯಲ್ಲಿ ಯಾವುದು ಯಾವ ಪಾಟ್ ಅಂತ ದೊಡ್ಡದಾಗಿ ಬರೆಯಿರಿ. ಒಂದು ಪಾಟಿಗೂ ಇನ್ನೊಂದಕ್ಕೂ ನಡುವಿನ ವೈರ್ ಅಳತೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಜಾಸ್ತಿ ಇರಲಿ. ಅದಕ್ಕಿಂತ ಕಮ್ಮಿ ಆದರೆ ಒಳಗೆ ಒಂದನ್ನು ಕೂರಿಸಿದಾಗ ಇನ್ನೊಂದು ಎಳೆದುಕೊಂಡು ಹೋಗುತ್ತದೆ, ತುಂಬಾ ಜಾಸ್ತಿ ಆದರೆ ಒಳಗೆ ಜೋತು ಬಿದ್ದು ಹಲಗೆಗೆ ಬಡಿಯುತ್ತದೆ.

ಬೆಸುಗೆಗೆ ಪಾಟಿನ ಬೆನ್ನೇ ಕಷ್ಟದ ಜಾಗ. ಅದು ಲೋಹದ ಡಬ್ಬಿ, ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಸಣ್ಣ 25 ವ್ಯಾಟ್ ಐರನ್ ಇಟ್ಟು ಅರ್ಧ ನಿಮಿಷ ಉಜ್ಜುತ್ತಾ ಕೂತರೆ ಹೊರಗೆ ಬೆಸುಗೆ ಹಿಡಿಯುವುದಿಲ್ಲ, ಒಳಗೆ ಕಾರ್ಬನ್ ಪಟ್ಟಿ ಮಾತ್ರ ಸುಡುತ್ತದೆ. ಬೆನ್ನನ್ನು ಉಪ್ಪುಕಾಗದದಿಂದ ಹೊಳೆಯುವಷ್ಟು ಉಜ್ಜಿ, ಅಗಲ ಮೂತಿಯ ಐರನ್ ಸುಮಾರು 380 ಡಿಗ್ರಿಗೆ ಬಿಸಿ ಮಾಡಿ, ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. ಮೊದಲು ಪಾಟಿನ ಮೇಲೆ ಒಂದು ಬೊಟ್ಟು, ವೈರಿನ ಹೆಣಿಗೆಯ ಮೇಲೆ ಒಂದು ಬೊಟ್ಟು, ಆಮೇಲೆ ಎರಡನ್ನೂ ಸೇರಿಸಿ ಒತ್ತಿದರೆ ಬೆಣ್ಣೆಯ ಹಾಗೆ ಕೂರುತ್ತದೆ. ರೋಸಿನ್ ಇರುವ ಸೋಲ್ಡರ್ ಮಾತ್ರ ಬಳಸಿ, ನಲ್ಲಿ ಪೈಪ್ ಬೆಸೆಯುವ ಆಸಿಡ್ ಪೇಸ್ಟ್ ಬೇಡವೇ ಬೇಡ.

ಟೋನ್ ಜೋಡಣೆಯಲ್ಲಿ ಒಂದು ಆಯ್ಕೆ ಇದೆ, ಈಗಲೇ ತೀರ್ಮಾನಿಸಿ. ಈಗಿನ ರೂಢಿಯಲ್ಲಿ ಟೋನನ್ನು ವಾಲ್ಯೂಮ್ ಪಾಟಿನ ಇನ್‌ಪುಟ್ ಕಾಲಿಗೆ, ಅಂದರೆ ಪಿಕಪ್ ಬಂದು ಸೇರುವ ಕಾಲಿಗೆ ಜೋಡಿಸುತ್ತಾರೆ. ಹಳೆಯ, ಐವತ್ತರ ದಶಕದ ರೀತಿಯಲ್ಲಿ ನಡುವಿನ ಕಾಲಿಗೆ. ನಡುವಿನ ಕಾಲಿಗೆ ಹಾಕಿದರೆ ವಾಲ್ಯೂಮ್ ಇಳಿಸಿದಾಗ ಸ್ವರ ಅಷ್ಟು ಮಂಕಾಗುವುದಿಲ್ಲ. ಪಾರ್ಟ್ ಅವೇ, ಒಂದು ವೈರಿನ ಜಾಗ ಮಾತ್ರ ಬೇರೆ. ಹಾಲೋ ಬಾಡಿಯನ್ನು ಜನ ವಾಲ್ಯೂಮ್ 6, 7ರಲ್ಲಿ ಇಟ್ಟು ನುಡಿಸುವುದೇ ಜಾಸ್ತಿ ಅಲ್ವಾ? ನಾನಾದರೆ ಹಳೆಯ ರೀತಿಯೇ ಮಾಡುತ್ತೇನೆ.

ಪಿಕಪ್‌ಗಳು ಹಳೆಯವೇ ಇರಲಿ ಅಂದರೆ ಅವುಗಳ ವೈರನ್ನು ಎಫ್-ಹೋಲ್ ಹೊರಗೆ ತಂದು, ಗಿಟಾರ್ ಮೇಲೆ ದಪ್ಪ ಬಟ್ಟೆ, ಅದರ ಮೇಲೆ ರಟ್ಟು ಹಾಸಿ ಪಾಟಿಗೆ ಬೆಸುಗೆ ಹಾಕಿ. ಒಂದು ಹನಿ ಸೋಲ್ಡರ್ ಬಿದ್ದರೂ ಪಾಲಿಶ್ ಹೋಯಿತು. ಹೊಸ ನಾಲ್ಕು ವೈರಿನ ಹಂಬಕರ್ ಹಾಕುತ್ತಿದ್ದರೆ ಬಣ್ಣಗಳ ಬಗ್ಗೆ ಹುಷಾರು, ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಸೀಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ವೈರ್), ಹಸಿರು ಗ್ರೌಂಡ್, ಕೆಂಪು ಬಿಳಿ ಸೇರಿಸಿ ಮುಚ್ಚಬೇಕು. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಹಸಿರು ಗ್ರೌಂಡ್, ಕಪ್ಪು ಬಿಳಿ ಸೇರಿಸಬೇಕು. ಎರಡು ಕಂಪನಿಯ ಪಿಕಪ್ ಬೆರೆಸಿ ಹಾಕಿ, ಸ್ವಿಚ್ ನಡುವೆ ಇಟ್ಟಾಗ ಸ್ವರ ಮೂಗಿನಲ್ಲಿ ಮಾತಾಡಿದ ಹಾಗೆ ಸಣಕಲಾಗಿ ಬಂದರೆ, ಒಂದರ ಹಾಟ್ ಮತ್ತು ಗ್ರೌಂಡ್ ಅದಲು ಬದಲು ಮಾಡಿ. ಆದರೆ ಆ ಪಿಕಪ್ಪಿನ ಹೊದಿಕೆ ಇಲ್ಲದ ಬರಿ ವೈರ್ ಎಂದಿನಂತೆ ಗ್ರೌಂಡಲ್ಲೇ ಇರಬೇಕು.

ಈಗ ಪರೀಕ್ಷೆ. ಇದನ್ನು ಹಾರಿಸಬೇಡಿ. ಹಾರ್ನೆಸ್ ಜಾಕಿಗೆ ಗಿಟಾರ್ ಕೇಬಲ್ ಚುಚ್ಚಿ, ಕೇಬಲ್ಲಿನ ಇನ್ನೊಂದು ತುದಿಯ ಮೂತಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಎಲ್ಲ ನಾಬ್ 10ರಲ್ಲಿ. ನಿಮ್ಮ ಪಿಕಪ್ 8ಕೆ ಇದ್ದರೆ ಒಂದೊಂದೇ ಪಿಕಪ್ ಹಾಕಿದಾಗ ಸುಮಾರು 7.87ಕೆ ತೋರಿಸಬೇಕು, ಏಕೆಂದರೆ 500ಕೆ ವಾಲ್ಯೂಮ್ ಪಾಟೂ ಪಕ್ಕದಲ್ಲಿ ಕೂತು ಸ್ವಲ್ಪ ಕಮ್ಮಿ ಮಾಡುತ್ತದೆ. ನಡುವಿನ ಸ್ಥಾನದಲ್ಲಿ ಸುಮಾರು ಅದರ ಅರ್ಧ, 3.9ಕೆ. ವಾಲ್ಯೂಮ್ ಸೊನ್ನೆಗೆ ತಂದರೆ ಮೀಟರೂ ಸೊನ್ನೆ. ವಾಲ್ಯೂಮ್ ನಡುವೆ ಎಲ್ಲೋ ಇಟ್ಟರೆ ಅಂಕಿ ಎಷ್ಟೋ ಪಟ್ಟು ಏರುತ್ತದೆ, ಗಾಬರಿ ಬೇಡ, ಅದು ಸರಿಯೇ. ಟೋನ್ ತಿರುಗಿಸಿದರೆ ಅಂಕಿ ಅಲುಗಾಡಬಾರದು. ಅಲುಗಾಡಿದರೆ ಕೆಪಾಸಿಟರ್ ಒಳಗೆ ಶಾರ್ಟ್ ಆಗಿದೆ, ಇಲ್ಲವೇ ನೀವು ಅದನ್ನು ದಾಟಿ ಬೆಸುಗೆ ಹಾಕಿದ್ದೀರಿ. ಆಮೇಲೆ ಆಂಪ್‌ಗೆ ಜೋಡಿಸಿ, ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್ ಮೇಲೆ ಮೆಲ್ಲಗೆ ತಟ್ಟಿ. ಯಾವ ಸ್ಥಾನದಲ್ಲಿ ಯಾವುದು ಟಕ್ ಅನ್ನುತ್ತದೆ ಅಂತ ಗೊತ್ತಾಗುತ್ತದೆ.

ನಾನು ಒಮ್ಮೆ ಎಲ್ಲ ಪರೀಕ್ಷೆ ಮಾಡಿ, ಒಳಗೆ ಕೂರಿಸಿ, ತಂತಿ ಹಾಕಿ ನುಡಿಸಿದರೆ ಬ್ರಿಡ್ಜ್ ಪಿಕಪ್ ಸತ್ತಿತ್ತು. ಮೇಜಿನ ಮೇಲೆ ಚೆನ್ನಾಗಿಯೇ ಇತ್ತು. ಮತ್ತೆ ಆರು ದಾರ ಕಟ್ಟಿ ಎಲ್ಲ ಹೊರಗೆ ಎಳೆದು ನೋಡಿದರೆ, ಸ್ವಿಚ್ಚಿಗೆ ಹೋಗುವ ವೈರಿನ ಹೆಣಿಗೆಯ ಒಂದೇ ಒಂದು ಎಳೆ, ಕೂದಲಿನಷ್ಟು ತೆಳುವಾದದ್ದು, ಒಳಗೆ ಬಾಗಿದಾಗ ಪಾಟಿನ ನಡುವಿನ ಕಾಲಿಗೆ ತಾಗಿತ್ತು. ಅವತ್ತಿನಿಂದ ಪ್ರತಿ ತುದಿಗೂ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕದೆ ಒಳಗೆ ಬಿಡುವುದೇ ಇಲ್ಲ. ನೀವೂ ಹೆಣಿಗೆ ಮುಗಿಯುವ ಜಾಗದಲ್ಲಿ, ಸ್ವಿಚ್ಚಿನ ಕಾಲುಗಳ ಮೇಲೆ, ಕೆಪಾಸಿಟರಿನ ಉದ್ದ ಕಾಲುಗಳ ಮೇಲೆ ತೊಡಿಸಿ. ಜಾಕಿಗೆ ಒಂದು ಕೇಬಲ್ ಚುಚ್ಚಿ ನೋಡಿ, ಪಟ್ಟಿ ಹೊರಕ್ಕೆ ಬಾಗಿದಾಗ ಏನಾದರೂ ತಾಗುತ್ತದಾ ಅಂತ. ಹಾರ್ನೆಸ್ಸನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ತಿರುಚಿ, ಅಲುಗಿಸಿ, ಆಗಲೂ ಮೀಟರಿನ ಅಂಕಿ ನಿಂತೇ ಇರಬೇಕು. ಒಳಗೆ ಹೋಗುವಾಗ ಅದಕ್ಕೆ ಆಗುವುದು ಅದೇ ತಾನೇ.

ಒಳಗೆ ಬಿಡುವ ಮೊದಲು ಇನ್ನೊಂದು ಕೆಲಸ. ವೈರುಗಳಿಗೆ ಅಲ್ಲಲ್ಲಿ ಮೆತ್ತನೆ ಫೋಮ್ ಸುತ್ತಿ ಟೇಪ್ ಹಚ್ಚಿ. ಹೆಣಿಗೆ ವೈರ್ ಬಿರುಸಾಗಿರುತ್ತದೆ, ಅದು ಮೇಲಿನ ಹಲಗೆಗೆ ತಾಗಿದರೆ ಕೆಲವು ಸ್ವರಗಳಿಗೆ ಮಾತ್ರ ಜೀರುಂಡೆ ಹಾಗೆ ಗೊರಗೊರ ಅನ್ನುತ್ತದೆ. ಇದು ಸಾಲಿಡ್ ಬಾಡಿಯವರಿಗೆ ಗೊತ್ತೇ ಇರದ ತಲೆನೋವು.

ಈಗ ಹೊಸ ಪಾರ್ಟ್‌ಗೆ ಅದರದರ ದಾರ ಕಟ್ಟಿ. ಪ್ರತಿ ಪಾಟಿಗೂ ಒಳಬದಿಯ ಹಲ್ಲಿನ ವಾಷರ್ ಹಾಕಿದ್ದೀರಾ ನೋಡಿ, ಅದಿಲ್ಲದಿದ್ದರೆ ನಾಬ್ ಜೊತೆ ಪಾಟೂ ತಿರುಗಿ ವೈರ್ ಕಿತ್ತುಹೋಗುತ್ತದೆ. ಎಫ್-ಹೋಲ್‌ಗೆ ಎಲ್ಲಕ್ಕಿಂತ ದೂರದ ತೂತಿನ ಪಾರ್ಟ್ ಮೊದಲು ಒಳಗೆ ಹೋಗಬೇಕು, ಹತ್ತಿರದ್ದು ಕೊನೆಗೆ. ದಾರ ಒಂದಕ್ಕೊಂದು ಹೆಣೆದುಕೊಳ್ಳದ ಹಾಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಜಗ್ಗುತ್ತಾ ಬನ್ನಿ. ಒಂದು ಕೈ ದಾರದ ಮೇಲೆ, ಇನ್ನೊಂದು ಕೈಯ ಬೆರಳು ಅಥವಾ ಒಂದು ಮರದ ಕಡ್ಡಿ ಎಫ್-ಹೋಲ್ ಒಳಗೆ. ದಾರ ಜಗ್ಗಿದಾಗ ಪಾಟಿನ ದಂಡ ತೂತಿನ ಅಂಚಿಗೆ ಓರೆಯಾಗಿ ಬಂದು ನಿಲ್ಲುತ್ತದೆ, ಆಗ ಜೋರು ಮಾಡಬೇಡಿ. ದಾರ ಒಂಚೂರು ಸಡಿಲ ಬಿಟ್ಟು, ಒಳಗಿನಿಂದ ಡಬ್ಬಿಯ ಹಿಂಬದಿಯನ್ನು ಕಡ್ಡಿಯಲ್ಲಿ ಎತ್ತಿಕೊಡಿ, ದಂಡ ನೆಟ್ಟಗಾಗುತ್ತದೆ, ಟಕ್ ಅಂತ ಒಂದು ಸದ್ದು, ಥ್ರೆಡ್ ಹೊರಗೆ ಕಾಣಿಸುತ್ತದೆ. ದಾರ ಬಿಡದೆ ಅದರ ಮೇಲಿಂದಲೇ ವಾಷರ್ ಮತ್ತು ನಟ್ ಪೋಣಿಸಿ ಎರಡು ಸುತ್ತು ಮಾತ್ರ ತಿರುಗಿಸಿ. ಬಿಗಿ ಮಾಡುವುದು ಆರೂ ಹೊರಗೆ ಬಂದ ಮೇಲೆ. ಬಿಗಿ ಮಾಡುವಾಗ ದಂಡ ತಿರುಗದ ಹಾಗೆ ಹಿಡಿದುಕೊಳ್ಳಿ. ಮೊದಲ ಸಲ ಇದಕ್ಕೆ ಎರಡು ಗಂಟೆ ಹಿಡಿಯಬಹುದು, ಬೇಸರ ಮಾಡಿಕೊಳ್ಳಬೇಡಿ.

ಟೇಲ್‌ಪೀಸ್ ಗ್ರೌಂಡ್ ವೈರನ್ನು ಹಾರ್ನೆಸ್ ಒಳಗೆ ಬಿಡುವ ಮೊದಲೇ ಪಾಟಿನ ಬೆನ್ನಿಗೆ ಬೆಸೆದಿರಬೇಕು, ಇದು ಮರೆತರೆ ಎಲ್ಲವನ್ನೂ ಮತ್ತೆ ಹೊರಗೆ ತೆಗೆಯಬೇಕು. ತಂತಿ ಹಾಕಿದ ಮೇಲೆ ಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜಾಕಿನ ನಟ್ಟಿಗೆ ಹಿಡಿದರೆ ಬೀಪ್ ಅನ್ನಬೇಕು. ಆಂಪ್ ಹಾಕಿ ತಂತಿ ಮುಟ್ಟಿದಾಗ ಹಮ್ ಕಮ್ಮಿಯಾದರೆ ಎಲ್ಲ ಸರಿ. ಮುಟ್ಟಿದಾಗ ಜಾಸ್ತಿಯಾದರೆ ಜಾಕಿನಲ್ಲಿ ಹಾಟ್ ಮತ್ತು ಗ್ರೌಂಡ್ ಅದಲು ಬದಲಾಗಿದೆ. ಅದೃಷ್ಟಕ್ಕೆ ಜಾಕ್ ಒಂದನ್ನೇ ಹೊರಗೆ ತೆಗೆದರೆ ಸಾಕು, ಪಾಟುಗಳನ್ನು ಮುಟ್ಟಬೇಕಿಲ್ಲ.

ಕೊನೆಗೆ ಆಂಪ್ ಆಫ್ ಮಾಡಿ, ಸುಮ್ನೆ ಕೈಯಲ್ಲಿ, ದಪ್ಪ ತಂತಿಯ ಮೇಲೆ ಒಂದೊಂದೇ ಫ್ರೆಟ್ ಜೋರಾಗಿ ನುಡಿಸುತ್ತಾ ಹನ್ನೆರಡರವರೆಗೆ ಹೋಗಿ. ಎಲ್ಲಾದರೂ ಒಳಗಿನಿಂದ ಗೊರಗೊರ ಬಂದರೆ ಆ ಸ್ವರವನ್ನೇ ಮತ್ತೆ ಮತ್ತೆ ನುಡಿಸುತ್ತಾ, ಎಫ್-ಹೋಲ್‌ನಿಂದ ಕಡ್ಡಿ ಬಿಟ್ಟು ಒಂದೊಂದೇ ವೈರನ್ನು ಮೆಲ್ಲಗೆ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದರ ಪಕ್ಕಕ್ಕೆ ಇನ್ನೊಂದು ತುಂಡು ಫೋಮ್ ತೂರಿಸಿ. ಅದಕ್ಕೂ ಮೊದಲು ಜಾಕಿನ ನಟ್ಟು, ಸ್ವಿಚ್ಚಿನ ನಟ್ಟು ಬಿಗಿಯಾಗಿವೆಯಾ ಅಂತ ಬೆರಳಲ್ಲಿ ಒಮ್ಮೆ ನೋಡಿಬಿಡಿ, ಎಷ್ಟೋ ಸಲ ಸದ್ದು ಮಾಡುವುದು ಅವೇ.